ಸೂಪರಿಂಟೆಂಡೆಂಟ್ ಕೆಲಸ ಅಳೆಯುವುದು: ಬೋರ್ಡ್ ಒಂದೇ ಸಾಕಾ, ಊರವರನ್ನೂ ಕೇಳಬೇಕಾ?

ಅಮೆರಿಕದಲ್ಲಿ ಸ್ಕೂಲ್ ಬೋರ್ಡ್‌ಗೆ ಈಗಷ್ಟೇ ಆಯ್ಕೆಯಾಗಿದ್ದೀರಿ, ಅಲ್ವಾ? ಊರಿನ ಸರ್ಕಾರಿ ಶಾಲೆಗಳನ್ನೆಲ್ಲ ನಡೆಸುವ ಮುಖ್ಯ ಅಧಿಕಾರಿಯೇ ಸೂಪರಿಂಟೆಂಡೆಂಟ್; ಅವರ ಕೆಲಸ ಹೇಗಿದೆ ಎಂದು ಅಳೆಯುವುದು ಬೋರ್ಡ್ ಕೆಲಸ. ಬೋರ್ಡ್ ಮಾತ್ರ ಕೂತು ಅಳೆದರೆ ಖರ್ಚು ಕಡಿಮೆ, ಗುಟ್ಟೂ ಉಳಿಯುತ್ತದೆ. ಕ್ಯಾಲಿಫೋರ್ನಿಯಾದ 1953ರ ಬ್ರೌನ್ ಕಾಯ್ದೆ ಸ್ಥಳೀಯ ಸಂಸ್ಥೆಗಳ ಸಭೆ ಎಲ್ಲರಿಗೂ ತೆರೆದಿರಬೇಕು ಎನ್ನುತ್ತದೆ, ಆದರೂ ಇದಕ್ಕೆ ಮುಚ್ಚಿದ ಬಾಗಿಲ ಸಭೆಗೆ ಅವಕಾಶ ಕೊಡುತ್ತದೆ. ಬಜೆಟ್ ನಿರ್ವಹಣೆ, ಒಪ್ಪಂದದ ಗುರಿಗಳಿಗೆ ಈ ದಾರಿಯೇ ಸರಿ. ಬಹುತೇಕ ಪೋಷಕರು ಅವನ್ನು ಹತ್ತಿರದಿಂದ ನೋಡಿರುವುದಿಲ್ಲ.

ಆದರೆ ಸೂಪರಿಂಟೆಂಡೆಂಟ್ ಜನರ ಮಾತು ಕೇಳುತ್ತಾರಾ? ಶಾಲೆ ಮುಚ್ಚುವ ಮುಂಚೆ ಹೇಳಿದರಾ? ಇದು ಶಿಕ್ಷಕರಿಗೆ, ಪೋಷಕರಿಗೇ ಚೆನ್ನಾಗಿ ಗೊತ್ತು. ಅವರನ್ನು ಕೇಳಲು ಸರ್ವೆ ಮಾಡಬಹುದು. ಸರ್ವೆಯ ತೊಂದರೆಯೆಂದರೆ ಸಿಟ್ಟಾದವರೇ ಜಾಸ್ತಿ ಬರೆಯುತ್ತಾರೆ. ಬಸ್ ತಡವಾದರೂ ಬೈಗುಳ ಸೂಪರಿಂಟೆಂಡೆಂಟ್‌ಗೇ! ಇಂಗ್ಲಿಷ್ ಬಾರದ ಮನೆಯವರು ಸುಮ್ನಿದ್ದುಬಿಡುತ್ತಾರೆ. ಅನುವಾದಕ್ಕೆ ದುಡ್ಡು ಎತ್ತಿಡಿ.

ಸೂಪರಿಂಟೆಂಡೆಂಟ್ ಹೊಸಬರಾದರೆ ಮೊದಲ ವರ್ಷ ಬೋರ್ಡ್ ಸಾಕು. ನಂಬಿಕೆ ಕುಸಿದಿರುವ ಕಡೆ ಸರ್ವೆ ಬೇಕು. ಅದನ್ನು ಅಂಕವಾಗಿ ಅಲ್ಲ, ಮುಂದೆ ಕೇಳಬೇಕಾದ ಪ್ರಶ್ನೆಗಳಿಗೆ ಸುಳಿವಾಗಿ ಬಳಸಿ.