ಕಾಲಿನ ಹೊಲಿಗೆ ಯಂತ್ರವೋ, ವಿದ್ಯುತ್ ಯಂತ್ರವೋ?

ಮನೆಬಳಕೆಗೆ ಕಾಲಿನಿಂದ ತುಳಿಯುವ ಯಂತ್ರ ಒಳ್ಳೆಯದೋ, ಮೇಜಿನ ಮೇಲಿಡುವ ವಿದ್ಯುತ್ ಯಂತ್ರವೋ ಎಂದು ಕೇಳಿದ್ದೀರಿ. 1851ರಲ್ಲಿ ಐಸಾಕ್ ಸಿಂಗರ್ ಅಮೆರಿಕದಲ್ಲಿ ಪೇಟೆಂಟ್ ಪಡೆದ ಯಂತ್ರದಂತೆಯೇ ಇವೆರಡೂ ಸೂಜಿಯ ದಾರವನ್ನು ಕೆಳಗಿನ ದಾರದೊಂದಿಗೆ ಹೆಣೆದು ಹೊಲಿಯುವುದರಿಂದ, ನೇರ ಹೊಲಿಗೆಯ ಗಟ್ಟಿತನದಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ.

ಬೆಲೆಯಲ್ಲಿ ಸಾದಾ ಕಾಲಿನ ಯಂತ್ರವೇ ಸಾಮಾನ್ಯವಾಗಿ ಅಗ್ಗ. ಬಾಳಿಕೆಯಲ್ಲಿಯೂ ನನ್ನ ಒಲವು ಅದರ ಕಡೆಗೇ: ಎರಕದ ಕಬ್ಬಿಣದ ಅದರ ಒಡಲು ಆಗಾಗ ಎಣ್ಣೆ ಬಿಡುತ್ತಿದ್ದರೆ ಒಂದು ತಲೆಮಾರನ್ನೇ ದಾಟಬಲ್ಲದು, ಸವೆದ ಬೆಲ್ಟನ್ನು ಮನೆಯಲ್ಲೇ ಬದಲಿಸಬಹುದು, ಕರೆಂಟು ಹೋದರೂ ಅರ್ಧಕ್ಕೆ ಬಂದ ರವಿಕೆ ನಿಲ್ಲುವುದಿಲ್ಲ. ವಿದ್ಯುತ್ ಯಂತ್ರದ ಮೋಟಾರು ಕೆಟ್ಟರೆ ರಿಪೇರಿಯವರನ್ನು ಕಾಯಬೇಕಾಗುತ್ತದೆ.

ಕಲಿಕೆಯ ಮಾತು ಬೇರೆ. ತುಳಿತದ ಲಯ ಕೈಗೂಡುವವರೆಗೆ ಚಕ್ರ ಹಿಂದಕ್ಕೆ ತಿರುಗಿ ದಾರ ತುಂಡಾಗುತ್ತಲೇ ಇರುತ್ತದೆ. ವಿದ್ಯುತ್ ಯಂತ್ರದಲ್ಲಿ ಈ ತೊಡಕಿಲ್ಲ. ಜಿಗ್‌ಜಾಗ್ ಹೊಲಿಗೆ, ಗುಂಡಿಯ ಕಾಜಾಗಳೂ ಅದರ ಬಹುತೇಕ ಮಾದರಿಗಳಲ್ಲಿ ಸುಲಭ.

ಆದ್ದರಿಂದ ದಿನವೂ ಗಂಟೆಗಟ್ಟಲೆ ನೇರ ಹೊಲಿಗೆ ಹಾಕುವವರಿಗೆ, ಕರೆಂಟು ಪದೇ ಪದೇ ಕೈಕೊಡುವ ಊರುಗಳಲ್ಲಿರುವವರಿಗೆ ಕಾಲಿನ ಯಂತ್ರವೇ ಸೂಕ್ತ. ಇಕ್ಕಟ್ಟಾದ ಮನೆಯಿದ್ದು, ಬಳಸಿದ ಮೇಲೆ ಅಲಮಾರಿನಲ್ಲಿ ಎತ್ತಿಡಬೇಕೆನ್ನುವವರು, ಮಂಡಿನೋವಿರುವ ಹಿರಿಯರು ವಿದ್ಯುತ್ ಯಂತ್ರವನ್ನೇ ಕೊಳ್ಳಲಿ. ಕಾಲಿನ ಯಂತ್ರಕ್ಕೇ ಮುಂದೆ ಮೋಟಾರು ಜೋಡಿಸಿಕೊಳ್ಳುವ ಮಾರ್ಗವೂ ಉಂಟು.