ಕರಾವಳಿಯ ಸೆಖೆಗೆ ತುಮಕೂರಿನಿಂದ ಒಯ್ದ ಬಾಡಿಗೆ ಟೆಂಟ್

ತುಮಕೂರಿನ ಅಂಗಡಿಯೊಂದರಿಂದ ಮೂವರು ಮಲಗುವಷ್ಟು ದೊಡ್ಡ ಟೆಂಟನ್ನು ಬಾಡಿಗೆಗೆ ಪಡೆದು, ಅಕ್ಟೋಬರ್ ಕೊನೆಯಲ್ಲಿ ಹೊನ್ನಾವರದ ಬಳಿ ಶರಾವತಿ ದಂಡೆಯ ಅಡಿಕೆ ತೋಟದಲ್ಲಿ, ಮಾಲೀಕರ ಒಪ್ಪಿಗೆಯೊಂದಿಗೆ, ಎರಡು ರಾತ್ರಿ ತಂಗಿದ್ದೆವು. ಒಯ್ಯುವ ಮುನ್ನ ಅಂಗಡಿಯ ಅಂಗಳದಲ್ಲೇ ಟೆಂಟ್ ಬಿಚ್ಚಿ ನಿಲ್ಲಿಸಿ ತೋರಿಸಿದ್ದು ನಿಜಕ್ಕೂ ಮೆಚ್ಚತಕ್ಕದ್ದು.

ಆದರೆ ದೇವರಾಯನದುರ್ಗದ ತಂಪು ಗಾಳಿಗೆ ಒಗ್ಗಿದ ನಮಗೆ ಕರಾವಳಿಯ ಇರುಳು ಬೇರೆಯದೇ ಪಾಠ ಕಲಿಸಿತು. ಮೊದಲ ರಾತ್ರಿ ಮಳೆಗೆ ಹೆದರಿ ಕಿಟಕಿಗಳನ್ನೆಲ್ಲ ಮುಚ್ಚಿದೆವು. ನಮ್ಮ ಉಸಿರಿನ ತೇವವೇ ತಣ್ಣಗಾದ ಟೆಂಟಿನ ಮೇಲ್ಹೊದಿಕೆಯ ಒಳಬದಿಯಲ್ಲಿ ಹನಿಗಟ್ಟಿ, ನಸುಕಿನ ಹೊತ್ತಿಗೆ ಹಾಸಿಗೆಯ ಮೇಲೆ ತೊಟ್ಟಿಕ್ಕಿತು. ಟೆಂಟ್ ಸೋರುತ್ತಿದೆಯೆಂದು ಅಂಗಡಿಯವರನ್ನು ದೂರಿದ್ದು ನಮ್ಮ ತಪ್ಪು. ಮರುರಾತ್ರಿ ಎದುರುಬದುರಿನ ಸೊಳ್ಳೆಪರದೆಯ ಕಿಟಕಿಗಳನ್ನು ತೆರೆದು, ಮೇಲ್ಹೊದಿಕೆಯನ್ನು ಬಿಗಿಯಾಗಿ ಎಳೆದು ಕಟ್ಟಿದ ಮೇಲೆ ಒಳಗೆ ಗಾಳಿಯಾಡಿತು. ಅಂಗಡಿಯವರು ಒತ್ತಾಯಿಸಿ ಕೊಟ್ಟ ದಪ್ಪ ಸ್ಲೀಪಿಂಗ್ ಬ್ಯಾಗ್ ಅಲ್ಲಿಗೆ ಖಂಡಿತ ಬೇಡ, ಚಾಪೆ ಮತ್ತು ಹತ್ತಿಯ ಹೊದಿಕೆ ಸಾಕು. ಹಿಂದಿರುಗಿಸುವ ಮೊದಲು ಟೆಂಟನ್ನು ನೆರಳಿನಲ್ಲಿ ಪೂರ್ತಿ ಒಣಗಿಸಿರಿ. ಒದ್ದೆಯಾಗಿ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ.