ಕೋವಿಯ ಕಪ್ಪು ಲೇಪ ತೆಗೆಯಲು ಮನೆಯಲ್ಲಿ ಆ್ಯಸಿಡ್ ಬಳಸಬೇಡಿ

ಶಿರಸಿ ಸೀಮೆಯ ಅಡಿಕೆ ಬೆಳೆಗಾರರ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಹಳೆಯ ಕೋವಿಗಳು ಇಂದಿಗೂ ಇವೆ. ನಮ್ಮ ಭಾವನವರ ಜೋಡುನಳಿಗೆ ಕೋವಿಯ ಮೇಲೆ ಕಳೆದ ಮಳೆಗಾಲದಲ್ಲಿ ಕೆಂಪು ತುಕ್ಕಿನ ಚುಕ್ಕೆಗಳು ಕಾಣಿಸಿಕೊಂಡವು. ಹಳೆಯ ಲೇಪವನ್ನೆಲ್ಲ ತೆಗೆದು ಹೊಸದಾಗಿ ಕಪ್ಪು ಮಾಡಿಸಿದರಾಯಿತೆಂದು ಪರಿಚಿತರೊಬ್ಬರು ಹೇಳಿದ್ದನ್ನು ನಂಬಿ, ಅವರು ಬಿಡಿಭಾಗಗಳನ್ನು ಕೊಟ್ಟಿಗೆಯಲ್ಲಿ ಶೌಚಾಲಯ ತೊಳೆಯುವ ಆ್ಯಸಿಡ್‌ನಲ್ಲಿ ಅದ್ದಿದರು. ಲೇಪವೇನೋ ನೋಡನೋಡುತ್ತಲೇ ಹೋಯಿತು; ಆಮೇಲಿನದು ಹಾನಿಯ ಕಥೆ.

ಆ ನೀಲಿಗಪ್ಪು ಲೇಪ ಬಣ್ಣವಲ್ಲ. ಉಕ್ಕಿನ ಮೇಲ್ಮೈಯೇ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡ್ ಆಗಿ ಮಾರ್ಪಟ್ಟ, ಬಹಳ ತೆಳುವಾದ ಪದರ. ಎಣ್ಣೆಯನ್ನು ಹಿಡಿದಿಟ್ಟುಕೊಂಡು ಅದು ಉಕ್ಕನ್ನು ಕಾಯುತ್ತದೆ. ಆ್ಯಸಿಡ್ ಬೇಡ, ಅಡುಗೆಮನೆಯ ವಿನೆಗರ್ ಕೂಡ ಅದನ್ನು ಕರಗಿಸಬಲ್ಲದು. ತುಕ್ಕು ತೆಗೆಯಲೆಂದು ಮಾರುವ ಫಾಸ್ಫಾರಿಕ್ ಆ್ಯಸಿಡ್ ದ್ರಾವಣಗಳೂ ತುಕ್ಕಿನ ಜೊತೆಗೆ ಲೇಪವನ್ನೂ ಒಯ್ಯುತ್ತವೆ. ಶೌಚಾಲಯದ ಆ್ಯಸಿಡ್‌ನಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಅಲ್ಲಿಗೇ ನಿಲ್ಲದೆ ಉಕ್ಕನ್ನೇ ತಿನ್ನತೊಡಗುತ್ತದೆ.

ಅದರ ಹೊಗೆಯಿಂದ ಭಾವನವರಿಗೆ ಕೆಮ್ಮು, ಕಣ್ಣುರಿ ಹತ್ತಿ ವೈದ್ಯರಲ್ಲಿಗೆ ಹೋಗಬೇಕಾಯಿತು. ಕೊಟ್ಟಿಗೆಯ ಗೋಡೆಗೆ ಸಿಕ್ಕಿಸಿದ್ದ ಕತ್ತಿ, ಗರಗಸಗಳು ಆ್ಯಸಿಡ್ ತಾಗದಿದ್ದರೂ ಆವಿಗೇ ತುಕ್ಕು ಹಿಡಿದವು. ಬರಿಯ ಉಕ್ಕಾಗಿ ಉಳಿದ ಬಿಡಿಭಾಗಗಳ ಮೇಲೆ, ಮಳೆಗಾಲದ ಆ ತೇವದಲ್ಲಿ, ಬೆಳಗಾಗುವಷ್ಟರಲ್ಲಿ ಕಿತ್ತಳೆ ಬಣ್ಣದ ತುಕ್ಕು ಮೂಡಿತ್ತು. ತೊಳೆದರೂ ಸಂದಿಗಳಲ್ಲಿ ಉಳಿಯುವ ಕ್ಲೋರೈಡ್ ಮತ್ತೆ ಮತ್ತೆ ತುಕ್ಕನ್ನು ಕರೆಯುತ್ತದೆ. ಕಾರವಾರ, ಅಂಕೋಲಾಗಳ ಉಪ್ಪುಗಾಳಿಯಲ್ಲಿ ಇದು ಇನ್ನೂ ಬೇಗ ಆಗುವ ಮಾತು. ಎರಡು ನಳಿಗೆಗಳನ್ನು ಬೆಸೆದಿರುವ ಪಟ್ಟಿಯ ಅಡಿಗೆ ನುಸುಳಿದ ಆಮ್ಲವನ್ನಂತೂ ಮನೆಯಲ್ಲಿ ಹೊರತೆಗೆಯುವ ದಾರಿಯೇ ಇಲ್ಲ, ಒಳಗೆ ಏನಾಗುತ್ತಿದೆಯೆಂದು ಹೊರಗಿನಿಂದ ತಿಳಿಯುವುದೂ ಇಲ್ಲ.

ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಸ್ಪ್ರಿಂಗ್. ಆಮ್ಲವು ಉಕ್ಕನ್ನು ತಿನ್ನುವಾಗ ಹುಟ್ಟುವ ಜಲಜನಕ ಗಡಸು ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡಬಲ್ಲದು. ನೋಡಲು ಸರಿಯಾಗಿಯೇ ಇದ್ದ ಸ್ಪ್ರಿಂಗ್ ಕೆಲವು ದಿನಗಳ ನಂತರ ಜೋಡಿಸುವಾಗ ಪಟ್ಟನೆ ಮುರಿಯಿತು. ಗುಂಡು ತುಂಬಿದ ಕೋವಿಯಲ್ಲಿ ಹೀಗಾಗಿದ್ದರೆ ಎಂಬುದನ್ನು ನೆನೆಯಲೂ ಆಗುವುದಿಲ್ಲ.

ಮತ್ತೊಂದು ವಿಷಯ ಕಾನೂನಿನದು. ಆ್ಯಸಿಡ್ ಬಿಟ್ಟ ಕಲೆಗಳನ್ನು ಮರಳು ಕಾಗದದಿಂದ ಉಜ್ಜಹೊರಟಾಗ ಕೋವಿಯ ಸಂಖ್ಯೆ ಮಸುಕಾಗತೊಡಗಿತ್ತು. ಮನೆಯವರು ತಡೆದದ್ದರಿಂದ ಉಳಿಯಿತು. 1959ರ ಶಸ್ತ್ರಾಸ್ತ್ರ ಕಾಯಿದೆಯ 8ನೇ ಕಲಮಿನ ಪ್ರಕಾರ ಬಂದೂಕಿನ ಮೇಲಿನ ಹೆಸರು, ಸಂಖ್ಯೆ, ಗುರುತುಗಳನ್ನು ಅಳಿಸುವುದು ನಿಷಿದ್ಧ.

ತುಕ್ಕಿನ ಚುಕ್ಕೆಗಳಷ್ಟೇ ಇದ್ದರೆ, ಕೋವಿ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ತೆಳುವಾದ ಯಂತ್ರದ ಎಣ್ಣೆ ಹಚ್ಚಿ ನೆನೆಯಲು ಬಿಟ್ಟು ಬಟ್ಟೆಯಿಂದ ಮೆಲ್ಲಗೆ ಉಜ್ಜಿದರೆ ಬಹುಮಟ್ಟಿಗೆ ಸಾಕು. ಲೇಪವನ್ನೇ ಬದಲಿಸಬೇಕೆನಿಸಿದರೆ ಪರವಾನಗಿ ಇರುವ ಬಂದೂಕು ದುರಸ್ತಿಗಾರರಲ್ಲಿಗೆ ಒಯ್ಯಿರಿ. ಜೋಡುನಳಿಗೆಯದಾದರೆ ಅದನ್ನು ಮೊದಲೇ ತಿಳಿಸಿರಿ, ಏಕೆಂದರೆ ಬಿಸಿ ಕ್ಷಾರದಲ್ಲಿ ಅದ್ದಿ ಕಪ್ಪು ಮಾಡುವ ವಿಧಾನ ಸೀಸ-ತವರದ ಬೆಸುಗೆಯನ್ನು ಕೆಡಿಸುತ್ತದೆ. ಭಾವನವರ ಕೋವಿ ಈಗ ದುರಸ್ತಿಗಾರರ ಬಳಿಯಿದೆ. ಸ್ಪ್ರಿಂಗ್ ಬದಲಿಸಿ, ನಳಿಗೆಗಳನ್ನು ಪರೀಕ್ಷಿಸುವವರೆಗೆ ಅದರಿಂದ ಗುಂಡು ಹಾರಿಸಬಾರದೆಂದು ಅವರು ಹೇಳಿದ್ದಾರೆ.